ಅಲಿಡಾ ವಾಲ್ಲಿಯ ಚಿತ್ರಪಟ್ಟಿ ಮಾಡಿದ್ದು ಹೀಗೆ

ಇಟಲಿಯ ನಟಿ ಅಲಿಡಾ ವಾಲ್ಲಿಯ ಚಿತ್ರಪಟ್ಟಿಗೆ ಕೈಹಾಕಿದಾಗ ಮೊದಲ ತೊಡಕು ಹುಟ್ಟೂರಿನದೇ. 1921ರ ಮೇ 31ರಂದು ಅವರು ಹುಟ್ಟಿದ ಪೋಲಾ ಆಗ ಇಟಲಿಯಲ್ಲಿತ್ತು, ಈಗ ಕ್ರೊಯೇಷಿಯಾದ ಪೂಲಾ. ಎರಡೂ ಹೆಸರು ಕೊಡದಿದ್ದರೆ ಓದುವವರು ಬೇರೆ ಬೇರೆ ಊರೆಂದುಕೊಳ್ಳುತ್ತಾರೆ.

ಚಿತ್ರಕ್ಕೊಂದು ಕಾರ್ಡ್ ಇಟ್ಟೆ. ಮೂಲ ಭಾಷೆಯ ಶೀರ್ಷಿಕೆ, ತೆರೆಕಂಡ ವರ್ಷ, ಪಾತ್ರದ ಹೆಸರು, ಜೊತೆಗೆ ಟೈಟಲ್‌ನಲ್ಲಿ ಅವರ ಹೆಸರು ಹೇಗಿದೆ ಎಂಬುದು. ಈ ಕೊನೆಯದನ್ನು ಬಿಡಲೇಬಾರದು. ನಿರ್ಮಾಪಕ ಸೆಲ್ಜ್‌ನಿಕ್ ಹಾಲಿವುಡ್‌ಗೆ ಕರೆಸಿಕೊಂಡ ಮೇಲೆ, 1947ರ 'ದಿ ಪ್ಯಾರಡೈನ್ ಕೇಸ್'ನಲ್ಲಿ ಬರೀ 'ವಾಲ್ಲಿ' ಎಂದಿದೆ. ಪೂರ್ತಿ ಹೆಸರನ್ನಷ್ಟೇ ಹುಡುಕಿದರೆ ಅದು ಕೈತಪ್ಪಬಹುದು.

ಎಣಿಕೆ ಹೆಚ್ಚು ಕೆಡುವುದು 1942ರಲ್ಲಿ. ಅಲೆಸ್ಸಾಂಡ್ರಿನಿ ನಿರ್ದೇಶನದ ಒಂದೇ ಕಥೆ ತೀರಾ ಉದ್ದವಾಗಿ 'ನೋಯಿ ವಿವಿ', 'ಅದ್ದಿಯೋ ಕಿರಾ' ಎಂದು ಎರಡು ಭಾಗಗಳಲ್ಲಿ ಬಂತು. 1986ರಲ್ಲಿ ಎರಡನ್ನೂ ಸೇರಿಸಿ, ಕತ್ತರಿಸಿ, ಒಂದೇ ಚಿತ್ರವಾಗಿ ಮತ್ತೆ ಬಿಡುಗಡೆ ಮಾಡಿದರು. ನಾನು ಎರಡು ಕಾರ್ಡ್ ಇಟ್ಟು 1986ನ್ನು ಅಡಿಯಲ್ಲಿ ನಮೂದಿಸಿದೆ. ಮೂರೆಂದು ಎಣಿಸುವುದು ತಪ್ಪು.

ಪ್ರತಿ ಚಿತ್ರವನ್ನೂ ಎರಡು ಸಲ ನೋಡಬೇಕು, ಎರಡನೆಯ ಸಲ ಸದ್ದು ನಿಲ್ಲಿಸಿ. ಆ ಕಾಲದ ಇಟಲಿಯಲ್ಲಿ ಚಿತ್ರೀಕರಣ ಮುಗಿದ ಮೇಲೆ ದನಿ ಕೂಡಿಸುವುದೇ ವಾಡಿಕೆ. ವಿಸ್ಕೊಂಟಿಯ 'ಸೆನ್ಸೋ' (1954) ಚಿತ್ರದ ಇಟಾಲಿಯನ್ ಆವೃತ್ತಿಯಲ್ಲಿ ನಾಯಕನ ಮುಖ ಅಮೆರಿಕದ ನಟ ಫಾರ್ಲಿ ಗ್ರೇಂಜರ್‌ದು, ದನಿ ಎನ್ರಿಕೋ ಮರಿಯಾ ಸಲೆರ್ನೋದು. ದನಿಯನ್ನೇ ನಂಬಿ ಅಭಿನಯ ಅಳೆದರೆ ಮೋಸಹೋಗುತ್ತೇವೆ.

ಸದ್ದಿಲ್ಲದೆ ನೋಡಿದಾಗಲೇ ವಾಲ್ಲಿ ಎಷ್ಟು ದೊಡ್ಡ ನಟಿ ಎಂದು ಗೊತ್ತಾಗುತ್ತದೆ. 'ದಿ ಥರ್ಡ್ ಮ್ಯಾನ್' (1949) ಕೊನೆಯಲ್ಲಿ ವಿಯೆನ್ನಾದ ಸ್ಮಶಾನದ ಸಾಲುಮರಗಳ ನಡುವೆ ಅವರು ದೂರದಿಂದ ನಡೆದು ಬರುತ್ತಾರೆ. ಎಲೆ ಉದುರುತ್ತಿವೆ, ಕಾದು ನಿಂತವನೊಬ್ಬನಿದ್ದಾನೆ. ಒಂದು ನಿಮಿಷಕ್ಕೂ ಮಿಕ್ಕಿ ಶಾಟ್ ಕತ್ತರಿಸಿಲ್ಲ. ಅವರು ಕಣ್ಣೆತ್ತಿಯೂ ನೋಡದೆ ದಾಟಿಹೋಗುತ್ತಾರೆ. ಹೆಜ್ಜೆಯ ವೇಗ ಕೂಡ ಬದಲಾಗುವುದಿಲ್ಲ.

ಫ್ರಾಂಜು ನಿರ್ದೇಶನದ 'ಲೆ ಝ್ಯೋ ಸಾನ್ ವಿಸಾಜ್' (1960) ಅವರ ಕುತ್ತಿಗೆಯನ್ನೇ ಗಮನಿಸಿ ನೋಡಬೇಕಾದ ಚಿತ್ರ. ಸರ್ಜನ್‌ನ ಸಹಾಯಕಿ ಲೂಯಿಸ್ ಸದಾ ಕೊರಳಿಗೆ ಬಿಗಿದ ಮುತ್ತಿನ ಪಟ್ಟಿ ತೊಟ್ಟಿರುತ್ತಾಳೆ. ಅದರಡಿ ಶಸ್ತ್ರಚಿಕಿತ್ಸೆಯ ಕಲೆಯಿದೆ. ಆ ಕಾರ್ಡಿನ ಹಿಂಬದಿಗೆ ನಾನು ಬರೆದಿಟ್ಟದ್ದು ಇಷ್ಟೇ: ಮುತ್ತು, ಮೂರು ನಾಲ್ಕು ಎಳೆ, ಕೊನೆಯ ಪೆಟ್ಟೂ ಅಲ್ಲಿಗೇ.