ಸಮುದ್ರ ಬಲಗಡೆ ಇರಲಿ: ಸ್ಪೇನಿನಲ್ಲಿ ನಮ್ಮ ಅಕ್ಟೋಬರ್ ಕಾರು ಪ್ರಯಾಣ

ಮೊದಲು ಮಾಡಿದ ಪ್ಲ್ಯಾನ್ ನೆನೆಸಿಕೊಂಡರೆ ಈಗ ನನಗೇ ನಗು ಬರುತ್ತದೆ. ಬಾರ್ಸಿಲೋನಾದಿಂದ ಕಾಡಿಜ್‌ವರೆಗೆ, ಒಂಬತ್ತು ರಾತ್ರಿಗಳಲ್ಲಿ. ಮ್ಯಾಪ್ ತೆಗೆದು ಕೂಡಿಸಿದರೆ 1,200 ಕಿ.ಮೀ.ಗೂ ಜಾಸ್ತಿ. ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಬರಬೇಕಿದ್ದ ಭಾವ ಫೋನಿನಲ್ಲಿ ಎಲ್ಲ ಕೇಳಿ, "ಅಲ್ಲ ಮಾರಾಯ, ನಾವು ಸಮುದ್ರ ನೋಡೋಕೆ ಹೋಗ್ತಿರೋದೋ, ಲಾರಿ ಓಡಿಸೋಕೋ?" ಅಂದರು. ಅಲ್ಲಿಗೆ ಬಾರ್ಸಿಲೋನಾ ಹೋಯಿತು, ವಲೆನ್ಸಿಯಾ ಹೋಯಿತು, ಕಾಡಿಜ್ ಕೂಡ ಹೋಯಿತು. ಉಳಿದದ್ದು ದಕ್ಷಿಣದ ಒಂದು ತುಂಡು: ಮಾಲಗಾದಿಂದ ಪೂರ್ವಕ್ಕೆ ನೆರ್ಹಾ, ಸಾಲೊಬ್ರೆನ್ಯಾ, ಅಲ್ಮೆರಿಯಾ ದಾಟಿ ಕಾಬೊ ದೆ ಗಾತಾ ಎಂಬ ಭೂಶಿರ. ಒಂದು ಕಡೆಗೆ ಸುಮಾರು 240 ಕಿ.ಮೀ. ಮಾಲಗಾದಲ್ಲಿ ಎರಡು ರಾತ್ರಿ, ನೆರ್ಹಾದಲ್ಲಿ ಮೂರು, ಕಾಬೊ ದೆ ಗಾತಾದ ಸಾನ್ ಹೊಸೆ ಎಂಬ ಚಿಕ್ಕ ಊರಿನಲ್ಲಿ ಮೂರು, ಕೊನೆಗೆ ಮತ್ತೆ ಮಾಲಗಾದಲ್ಲಿ ಒಂದು.

ದಿಕ್ಕಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಸ್ಪೇನಿನಲ್ಲಿ ಗಾಡಿ ರಸ್ತೆಯ ಬಲಗಡೆ ಓಡುತ್ತದೆ. ದಕ್ಷಿಣ ತೀರದಲ್ಲಿ ಪೂರ್ವಕ್ಕೆ ಹೊರಟರೆ ಸಮುದ್ರವೂ ಬಲಗಡೆ. ಅಂದರೆ ನಿಮ್ಮ ಲೇನ್ ಸಮುದ್ರದ ಪಕ್ಕದ್ದೇ, ನಿಲ್ಲಿಸಿ ನೋಡುವ ಜಾಗಗಳೂ ನಿಮ್ಮ ಕಡೆಗೇ ಸಿಗುತ್ತವೆ, ಎದುರಿನ ಗಾಡಿಗಳನ್ನು ಅಡ್ಡ ದಾಟುವ ಗೋಜಿಲ್ಲ. ಹಾಗಾಗಿ ಹೋಗುವಾಗ ಹಳೆಯ ಎನ್-340 ರಸ್ತೆ ಹಿಡಿಯಿರಿ, ಬರುವಾಗ ಎ-7 ಹೆದ್ದಾರಿಯಲ್ಲಿ ಬಂದುಬಿಡಿ. ಮಾಲಗಾದಿಂದ ಅಲ್ಮೆರಿಯಾವರೆಗೆ ಎ-7ಕ್ಕೆ ಟೋಲ್ ಇಲ್ಲ.

ಇನ್ನೊಂದು ಸೂರ್ಯನ ಲೆಕ್ಕ. ನಮ್ಮವರಿಗೆ ಟ್ರಿಪ್ ಅಂದರೆ ಬೆಳಿಗ್ಗೆ ಐದಕ್ಕೆ ಹೊರಡಬೇಕು, ಅಲ್ವಾ? ಅಕ್ಟೋಬರ್ ಮಧ್ಯದಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಎಂಟೂಕಾಲರ ಹೊತ್ತಿಗೆ. ಭಾವ ಮೊದಲ ದಿನ ಐದಕ್ಕೇ ಎದ್ದು ಸ್ನಾನ ಮಾಡಿ ಬಾಲ್ಕನಿಯಲ್ಲಿ ಕತ್ತಲನ್ನೇ ನೋಡುತ್ತ ಕೂತಿದ್ದರು. ಸಂಜೆ ಏಳೂವರೆವರೆಗೆ ಬೆಳಕಿರುತ್ತದೆ, ಆದರೆ ಐದೂವರೆ ನಂತರ ಸೂರ್ಯ ಕೆಳಗಿಳಿದು ಪಶ್ಚಿಮಕ್ಕೆ ಹೋಗುವವರ ಕಣ್ಣಿಗೇ ಹೊಡೆಯುತ್ತಾನೆ. ಇದು ಗೊತ್ತಾಗಿದ್ದು ಸಾಲೊಬ್ರೆನ್ಯಾ ನೋಡಿಕೊಂಡು ಸಂಜೆ ನೆರ್ಹಾಕ್ಕೆ ವಾಪಸ್ ಬರುವಾಗ. ಒಂದು ತಿರುವಿನಲ್ಲಿ ಗಾಜಿನ ತುಂಬ ಬರೀ ಬಿಳಿ ಬೆಳಕು, ರಸ್ತೆಯೇ ಕಾಣಲಿಲ್ಲ. ಸಿಕ್ಕಿದ ಮೊದಲ ಜಾಗದಲ್ಲಿ ನಿಲ್ಲಿಸಿ, ಅರ್ಧ ಗಂಟೆ ಸುಮ್ನೆ ಕೂತು, ಸೂರ್ಯ ಗುಡ್ಡದ ಹಿಂದೆ ಸರಿದ ಮೇಲೆ ಹೊರಟೆವು. ಅವತ್ತಿನಿಂದ ಪೂರ್ವಕ್ಕೆ ಹೋಗುವುದಿದ್ದರೆ ಮಧ್ಯಾಹ್ನ, ಪಶ್ಚಿಮಕ್ಕೆ ಬರುವುದಿದ್ದರೆ ಬೆಳಿಗ್ಗೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಮೇಲೆ ಆರೂವರೆಗೆಲ್ಲ ಕತ್ತಲು. ಅದರೊಳಗೆ ಮುಗಿಸುವ ಹಾಗೆ ತಾರೀಖು ಇಟ್ಟುಕೊಂಡಿದ್ದು ಒಳ್ಳೆಯದಾಯಿತು.

ಕಾಗದಪತ್ರದ ಕೆಲಸ ಜಾಸ್ತಿ ಬರೆಯುವಂಥದ್ದಲ್ಲ. ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕನಿಷ್ಠ 30,000 ಯೂರೋ ಕವರ್ ಇರುವ ವಿಮೆ ಬೇಕು. ರೂಮುಗಳನ್ನೆಲ್ಲ ಕ್ಯಾನ್ಸಲ್ ಮಾಡಬಹುದಾದ ರೇಟಿನಲ್ಲೇ ಬುಕ್ ಮಾಡಿದೆ. ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿದೆ, ಫೀಸು ಒಂದು ಸಾವಿರ ರೂಪಾಯಿ, ಒಂದು ವರ್ಷ ನಡೆಯುತ್ತದೆ. ಊರಿನ ಡಿಎಲ್ ಕೂಡ ಜೊತೆಗಿರಲಿ. ಕಾರಿಗೆ ಡೆಪಾಸಿಟ್ ಹಿಡಿಯುವುದಕ್ಕೆ ಓಡಿಸುವವರ ಹೆಸರಿನದೇ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ. ನನ್ನ ಪಕ್ಕದ ಕೌಂಟರಿನಲ್ಲಿ ಒಬ್ಬರು ಡೆಬಿಟ್ ಕಾರ್ಡ್ ಹಿಡಿದುಕೊಂಡು ತುಂಬ ಹೊತ್ತು ವಾದ ಮಾಡುತ್ತಿದ್ದರು.

ಮಾಲಗಾದಲ್ಲಿದ್ದ ಎರಡು ದಿನ ಕಾರು ತೆಗೆದುಕೊಳ್ಳಲಿಲ್ಲ. ಊರೊಳಗೆ ನಡೆದೇ ಓಡಾಡಬಹುದು, ಪಾರ್ಕಿಂಗ್ ಮಾತ್ರ ತಲೆನೋವು. ಮೂರನೇ ದಿನ ಆಟೋಮ್ಯಾಟಿಕ್ ಕಾರು ಸಿಕ್ಕಿತು. ಅಲ್ಲಿ ಗೇರಿನ ಗಾಡಿಯೇ ಅಗ್ಗ, ಆದರೆ ಬಲಗೈಯಲ್ಲಿ ಗೇರು ಹಾಕುವುದನ್ನು ರಜೆಯಲ್ಲಿ ಕಲಿಯುವುದು ಬೇಡ ಅನ್ನಿಸಿತ್ತು. ಆದರೂ ಕೈ ಕೇಳಬೇಕಲ್ಲ. ನಮ್ಮ ಕಾರಿನಲ್ಲಿ ಇಂಡಿಕೇಟರ್ ಕಡ್ಡಿ ಬಲಗಡೆ, ಅಲ್ಲಿ ಎಡಗಡೆ. ಮೊದಲ ಸರ್ಕಲ್ಲಿನಲ್ಲಿ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಶುರು ಮಾಡಿದೆ. ಒಣಗಿದ ಗಾಜಿನ ಮೇಲೆ ಕಿರ್ರ್ ಅಂತ ಅದು ಓಡುತ್ತಿದ್ದರೆ, ಹಿಂದಿನವನಿಗೆ ನಾನು ಎಲ್ಲಿ ತಿರುಗುತ್ತೇನೆ ಅಂತ ಗೊತ್ತೇ ಇಲ್ಲ. ಸರ್ಕಲ್ಲಿನ ಒಳಗೆ ಈಗಾಗಲೇ ಇರುವವರಿಗೆ ಮೊದಲು ದಾರಿ, ಇದನ್ನು ಮಾತ್ರ ಮರೆಯಬೇಡಿ. ಇನ್ನೊಂದು ಕಷ್ಟ: ಎಡಗಡೆ ಕೂತಾಗ ಬಲಗಡೆ ಎಷ್ಟು ಕಾರಿದೆ ಅನ್ನುವ ಅಂದಾಜೇ ಸಿಗುವುದಿಲ್ಲ. ಹೆಂಡತಿ ದಾರಿಯುದ್ದಕ್ಕೂ "ಎಡಕ್ಕೆ, ಎಡಕ್ಕೆ" ಅನ್ನುತ್ತಲೇ ಇದ್ದಳು. ನೆರ್ಹಾದ ಒಂದು ನೆಲಮಾಳಿಗೆ ಪಾರ್ಕಿಂಗಿನಲ್ಲಿ ಅವಳು ಒಂದು ಸಲ ಹೇಳಲಿಲ್ಲ, ಬಲಚಕ್ರದ ಅಲಾಯ್ ಕಟ್ಟೆಗೆ ಉಜ್ಜಿತು. ಬಾಡಿಗೆಯಲ್ಲಿ ಸೇರಿದ್ದ ವಿಮೆಗೆ ಚಕ್ರ, ಗಾಜು ಬರುತ್ತಿರಲಿಲ್ಲ. ಅದನ್ನು ಓದದೆ ಸಹಿ ಮಾಡಿದ್ದು ನಾನೇ. ಡೆಪಾಸಿಟ್‌ನಲ್ಲಿ ಮುರಿದುಕೊಂಡರು.

ಪೆಟ್ರೋಲ್ ಬಂಕಿನಲ್ಲಿ 'ಗಾಸೊಲಿನಾ' ಅಂದರೆ ಪೆಟ್ರೋಲ್, 'ಗಾಸೊಲಿಯೊ' ಅಂದರೆ ಡೀಸೆಲ್. ಎಷ್ಟು ಹತ್ತಿರದ ಹೆಸರು ನೋಡಿ. ಟ್ಯಾಂಕಿನ ಮುಚ್ಚಳದ ಒಳಗಿನ ಚೀಟಿ ನೋಡಿಯೇ ಪೈಪು ಹಿಡಿಯಿರಿ.

ಅಕ್ಟೋಬರಿನಲ್ಲಿ ಅಲ್ಲಿ ಹಗಲು ಹಿತವಾದ ಬಿಸಿಲು, ನೀರು ಸ್ವಲ್ಪ ತಣ್ಣಗಿದ್ದರೂ ಇಳಿಯಬಹುದು, ಜನ ಕಡಿಮೆ. ಆದರೆ ಮೆಡಿಟರೇನಿಯನ್ ತೀರಕ್ಕೆ ದೊಡ್ಡ ಮಳೆ ಬೀಳುವ ಕಾಲವೂ ಇದೇ. 2024ರ ಅಕ್ಟೋಬರ್ 29ರಂದು ವಲೆನ್ಸಿಯಾ ಸುತ್ತಮುತ್ತ ಬಂದ ಪ್ರವಾಹದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಎಷ್ಟೋ ಜನ ಕಾರಿನಲ್ಲೋ ಗ್ಯಾರೇಜಿನಲ್ಲೋ ಸಿಕ್ಕಿಕೊಂಡವರು. ಹಾಗಾಗಿ ದಿನಾ ಬೆಳಿಗ್ಗೆ ಸ್ಪೇನಿನ ಹವಾಮಾನ ಇಲಾಖೆ ಎಇಎಂಇಟಿಯ ಪುಟ ನೋಡುತ್ತಿದ್ದೆ. ಹಳದಿ, ಕಿತ್ತಳೆ, ಕೆಂಪು ಅಂತ ಎಚ್ಚರಿಕೆ ಕೊಡುತ್ತಾರೆ. ಅಲ್ಮೆರಿಯಾ ಕಡೆ 'ರಾಂಬ್ಲಾ' ಅನ್ನುವ ಒಣಹಳ್ಳಗಳಿವೆ. ನೋಡಿದರೆ ಒಳ್ಳೆ ಅಗಲವಾದ ಮಣ್ಣಿನ ಮೈದಾನ, ಪಾರ್ಕ್ ಮಾಡೋಣ ಅನ್ನಿಸುತ್ತದೆ. ಮಾಡಬೇಡಿ, ಗುಡ್ಡದಲ್ಲಿ ಮಳೆ ಬಿದ್ದರೆ ನೀರು ಹೇಳದೆ ಕೇಳದೆ ಬರುತ್ತದೆ. ನಮ್ಮ ಪ್ಲ್ಯಾನಿನಲ್ಲಿ ಒಂದು ದಿನ ಏನೂ ಇಲ್ಲದೆ ಖಾಲಿ ಬಿಟ್ಟಿದ್ದೆ. ಸಾನ್ ಹೊಸೆಯಲ್ಲಿ ಹಳದಿ ಎಚ್ಚರಿಕೆ ಬಂದಾಗ ಅದು ಉಪಯೋಗಕ್ಕೆ ಬಂತು. ರೂಮಿನಲ್ಲೇ ಅವಲಕ್ಕಿ ಒಗ್ಗರಣೆ, ಇಸ್ಪೀಟು.

ಅಲ್ಲಿಗೆ ಹೋಗುವ ದಾರಿಯಲ್ಲಿ ಎಲ್ ಎಹಿದೊ ಹತ್ತಿರ ಕಣ್ಣು ಹಾಯಿಸಿದಷ್ಟೂ ಬಿಳಿ ಪ್ಲಾಸ್ಟಿಕ್ ಹಸಿರುಮನೆಗಳು. ಅಲ್ಮೆರಿಯಾ ಪ್ರಾಂತ್ಯದಲ್ಲಿ ಸುಮಾರು 30,000 ಹೆಕ್ಟೇರ್ ಇವೆಯಂತೆ. ಕೆಲವರು ಇದನ್ನು ನೋಡಿ ಮೂಗು ಮುರಿಯುತ್ತಾರೆ. ಅಡಿಕೆ ತೋಟದ ಭಾವನಿಗೆ ಇಡೀ ಟ್ರಿಪ್ಪಿನಲ್ಲಿ ಇದೇ ಇಷ್ಟವಾಯಿತು, ನೀರು ಎಲ್ಲಿಂದ ತರುತ್ತಾರೆ ಅಂತ ಮೂರು ದಿನ ಕೇಳಿದರು.

ಊಟದ ಟೈಮು ತಪ್ಪಿದರೆ ಉಪವಾಸವೇ. ಮಧ್ಯಾಹ್ನ ಒಂದೂವರೆಯಿಂದ ನಾಲ್ಕರವರೆಗೆ, ರಾತ್ರಿ ಎಂಟು-ಎಂಟೂವರೆ ಮೇಲೆ, ನಡುವೆ ಬಹಳ ಕಡೆ ಅಡುಗೆಮನೆ ಬಂದ್. ಅಕ್ಕ-ಭಾವ ಮೊಟ್ಟೆಯನ್ನೂ ತಿನ್ನುವವರಲ್ಲ, ಅದಕ್ಕೇ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್‌ಗಳನ್ನೇ ಹಿಡಿದಿದ್ದೆ. 'ಸಾಲ್ಮೊರೆಹೊ' ಅನ್ನುವ ಟೊಮ್ಯಾಟೊ ಸಾರಿನಂಥದ್ದರ ಮೇಲೆ ಹೇಳದೆಯೇ ಮೊಟ್ಟೆ, ಹಂದಿಮಾಂಸ ಉದುರಿಸುತ್ತಾರೆ, ಮೊದಲೇ ಕೇಳಿ. ಟೊಮ್ಯಾಟೊ ಸವರಿದ ಬ್ರೆಡ್ಡು ಎಲ್ಲ ಕಡೆ ಸಿಗುತ್ತದೆ.

ನೆರ್ಹಾದ ಮೇಲಿನ ಗುಡ್ಡದಲ್ಲಿ ಫ್ರಿಹಿಲಿಯಾನಾ ಅಂತ ಒಂದು ಬಿಳಿ ಊರು. ಅಲ್ಲಿ ಬದನೆಕಾಯಿಯನ್ನು ತೆಳ್ಳಗೆ ಹೆಚ್ಚಿ, ಹಿಟ್ಟಿನಲ್ಲಿ ಹೊರಳಿಸಿ ಕರಿದು, ಮೇಲೆ ಕಪ್ಪಗೆ ಏನೋ ಎಳೆ ಎಳೆಯಾಗಿ ಸುರಿದು ತಂದಿಟ್ಟರು. ಹಿಟ್ಟಿಗೆ ಮೊಟ್ಟೆ ಹಾಕಿಲ್ಲ ಅಂತ ಕೇಳಿ ಖಾತ್ರಿ ಮಾಡಿಕೊಂಡಿದ್ದೆ. ಅಕ್ಕ ಬೆರಳಲ್ಲಿ ಮುಟ್ಟಿ ನೆಕ್ಕಿದಳು. "ಇದು ಜೋನಿಬೆಲ್ಲ ಕಣೋ!" ನಿಜಕ್ಕೂ ಅದೇ. ಕಬ್ಬಿನ ಹಾಲು ಕಾಯಿಸಿ ಮಾಡಿದ್ದು, ನಮ್ಮದಕ್ಕಿಂತ ಕಪ್ಪು, ಕೊನೆಯಲ್ಲಿ ಸ್ವಲ್ಪ ಕಹಿ. ಈ ತೀರದಲ್ಲಿ ಶತಮಾನಗಟ್ಟಲೆ ಕಬ್ಬು ಬೆಳೆದಿದ್ದಾರೆ. ಸಾಲೊಬ್ರೆನ್ಯಾದ ಸಕ್ಕರೆ ಕಾರ್ಖಾನೆ 2006ರಲ್ಲಿ ಮುಚ್ಚಿತು, ಫ್ರಿಹಿಲಿಯಾನಾದ ಗಾಣ ಮಾತ್ರ ಇನ್ನೂ ಈ ಪಾಕ ಮಾಡುತ್ತಿದೆ. ಅಲ್ಮುನ್ಯೇಕರ್ ಹತ್ತಿರ ರಸ್ತೆ ಬದಿಯಲ್ಲಿ ಕೊಂಡ 'ಚಿರಿಮೊಯಾ' ಕೂಡ ನಮ್ಮ ಸೀತಾಫಲದ ದಾಯಾದಿಯೇ, ಸಿಪ್ಪೆ ನುಣುಪು, ತಿರುಳು ಜಾಸ್ತಿ.

ಪಾಕದ ಬಾಟಲಿಯನ್ನು ಕೈಚೀಲದಲ್ಲಿ ಇಟ್ಟರೆ ವಿಮಾನ ನಿಲ್ದಾಣದಲ್ಲಿ ಕಸದ ಡಬ್ಬಿಗೆ ಹೋಗುತ್ತದೆ, ಅದೂ ದ್ರವವೇ. ಅಕ್ಕ ಎರಡು ಬಾಟಲಿಗಳನ್ನು ಕಾಟನ್ ಸೀರೆಯಲ್ಲಿ ಸುತ್ತಿ ದೊಡ್ಡ ಸೂಟ್‌ಕೇಸಿನ ನಡುವೆ ಇಟ್ಟಳು. ಸಾಗರ ತಲುಪಿದ ಮರುದಿನವೇ ಫೋಟೊ ಬಂತು: ತೆಳ್ಳೇವಿನ ಪಕ್ಕ ಕಪ್ಪಗೆ ಒಂದು ಚಮಚ, ಅದರ ಕೆಳಗೆ ಭಾವ ಬರೆದಿದ್ದರು, "ನಮ್ಮದೇ ವಾಸಿ."