ತುಕ್ಕು ತಿಂದ ಮಾರುತಿ 800ಕ್ಕೆ ಹೊಸ ಫ್ಲೋರ್: ನನ್ನ ಅನುಭವ

ಹಳೆಯ ಮಾರುತಿ 800 ಕೊಳ್ಳುವವರು ಮೊದಲು ಎಂಜಿನ್ ಸದ್ದು ಕೇಳುತ್ತಾರೆ, ಆಮೇಲೆ ಬಣ್ಣ ನೋಡುತ್ತಾರೆ. ಕಾಲಡಿಯ ಮ್ಯಾಟ್ ಎತ್ತಿ ನೋಡುವವರು ಕಡಿಮೆ. ಸಾಗರ ತಾಲೂಕಿನ ಕಡೆಯ ಅಡಿಕೆ ಕೊಟ್ಟಿಗೆಯೊಂದರಲ್ಲಿ ವರ್ಷಗಟ್ಟಲೆ ನಿಂತಿದ್ದ 1996ರ ಕಾರ್ಬ್ಯುರೇಟರ್ ಗಾಡಿಯ ಮ್ಯಾಟನ್ನು ನಾನು ಎತ್ತಿದಾಗ ಚಾಲಕನ ಕಡೆ ಕೊಟ್ಟಿಗೆಯ ನೆಲವೇ ಕಾಣುತ್ತಿತ್ತು. ಗುಜರಿಯವರು ತೂಕದ ಲೆಕ್ಕದಲ್ಲಿ ಹದಿನಾಲ್ಕು ಸಾವಿರದ ಆಸುಪಾಸು ಹೇಳಿದ್ದರಿಂದ ನಾನು 18,000 ಕೊಟ್ಟು ತಂದೆ. ತೋರಿಸಿದ ಟಿಂಕರಿಂಗ್ ಶೆಡ್ಡುಗಳಲ್ಲೆಲ್ಲ ಒಂದೇ ಉತ್ತರ: "ಇದಕ್ಕೆ ಸುರಿಯೋ ದುಡ್ಡಲ್ಲಿ ಇನ್ನೊಂದು ಗಾಡಿ ಬರುತ್ತೆ ಸ್ವಾಮಿ." ಅದೇ ಗಾಡಿ ಈಗ ಮೂರು ಮಳೆಗಾಲ ದಾಟಿದೆ, ಮ್ಯಾಟಿನ ಕೆಳಗೆ ಒಣಗಿಯೇ ಇದೆ. ಹೇಗೆ ಎಂದು ಕೇಳುವವರು ಹೆಚ್ಚಾದ್ದರಿಂದ ಬರೆಯುತ್ತಿದ್ದೇನೆ.

ಮಲೆನಾಡಿನಲ್ಲಿ ಫ್ಲೋರ್ ರಿಪೇರಿ ಎಂದರೆ ಸಾಮಾನ್ಯವಾಗಿ ತೂತಿನ ಮೇಲೆ ತಗಡಿನ ತೇಪೆ ಇಟ್ಟು ರಿವಿಟ್ ಹೊಡೆದು, ಫೈಬರ್ ಮೆತ್ತಿ, ಕೆಳಗಿನಿಂದ ಕಪ್ಪು ಅಂಡರ್‌ಕೋಟ್ ಬಳಿಯುವುದು. ನನ್ನ ಗಾಡಿಗೂ ಹಿಂದೆ ಇದೇ ಉಪಚಾರ ಆಗಿತ್ತು. ಅಂಡರ್‌ಕೋಟನ್ನು ಕೆರೆದಾಗ ಅದು ರೊಟ್ಟಿಯಂತೆ ಇಡಿಯಾಗಿ ಎದ್ದು ಬಂತು. ಅದರ ಬೆನ್ನಿಗೆ ಕೆಂಪು ತುಕ್ಕಿನ ಪದರವೂ ಅದರೊಳಗೆ ಇನ್ನೂ ಆರದ ನೀರೂ ಇದ್ದವು. ತುಕ್ಕಿನ ಮೇಲೆ ಬಳಿದ ಡಾಂಬರು ಹೊರಗಿನ ನೀರನ್ನು ತಡೆಯುವುದಕ್ಕಿಂತ ಒಳಗಿನ ನೀರನ್ನು ಕೂಡಿಡುವುದೇ ಹೆಚ್ಚು. ಆದ್ದರಿಂದ ತೇಪೆಯ ಮಾತನ್ನೇ ಬಿಟ್ಟು, ಸುತ್ತಿಗೆಯ ಮೊನೆಯಿಂದ ಬಡಿದಾಗ ಗಟ್ಟಿ ಸದ್ದು ಬರುವವರೆಗೂ ಕತ್ತರಿಸುತ್ತ ಹೋಗುವುದೆಂದು ನಿರ್ಧರಿಸಿದೆ. ಹೀಗೆ ಕತ್ತರಿಸಿದಾಗ ಮುಂದಿನ ಎರಡೂ ಫ್ಲೋರ್‌ಗಳು, ಎರಡೂ ರನ್ನಿಂಗ್ ಬೋರ್ಡುಗಳ (ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪೊಳ್ಳು ಪಟ್ಟಿಗಳ) ಕೆಳಭಾಗ ಮತ್ತು ಸೀಟಿನ ಅಡಿಯ ಅಡ್ಡಪಟ್ಟಿಯ ತುದಿಗಳು ಹೋದವು.

ರನ್ನಿಂಗ್ ಬೋರ್ಡ್ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿನೊಳಗೆ ಒಂದು ಇಂಚಿನ ಆ್ಯಂಗಲ್‌ಗಳನ್ನು ಅಡ್ಡಲಾಗಿ ಟ್ಯಾಕ್ ಮಾಡಲೇಬೇಕು, ಅಂದರೆ ಚುಕ್ಕೆ ವೆಲ್ಡಿಂಗಿನಲ್ಲಿ ತಾತ್ಕಾಲಿಕವಾಗಿ ಹಿಡಿಸಬೇಕು. ಇಲ್ಲವಾದರೆ ಶೆಲ್ (ಗಾಡಿಯ ತಗಡಿನ ಮೈ) ನಡುವೆ ಕುಸಿದು, ಆಮೇಲೆ ಯಾವ ಬಾಗಿಲೂ ಸರಿಯಾಗಿ ಕೂರುವುದಿಲ್ಲ. ಇದು ಬಲ್ಲವರಿಗೆ ಗೊತ್ತಿರುವುದೇ. ಗೊತ್ತಿದ್ದೂ ಯಾರೂ ಮಾಡದ ಇನ್ನೊಂದು ಕೆಲಸವನ್ನು ನಾನು ಮಾಡಿದೆ: ಎಂಜಿನ್, ಟ್ಯಾಂಕ್, ಗಾಜು, ಬಾಗಿಲುಗಳನ್ನೆಲ್ಲ ತೆಗೆದು, ಅಕ್ಕಪಕ್ಕದವರನ್ನು ಕರೆದು, ಶೆಲ್ಲನ್ನು ಹಳೆಯ ಟೈರುಗಳ ಮೇಲೆ ಒಂದು ಮಗ್ಗುಲಿಗೆ ಮಲಗಿಸಿದೆ. ಮುಖದ ಮೇಲೆ ಕಿಡಿ ಸುರಿಸಿಕೊಂಡು ಅಂಗಾತ ಮಲಗಿ ಹಾಕುವ ವೆಲ್ಡಿಂಗಿಗೂ ಎದುರಿಗೆ ಕುಳಿತು ಹಾಕುವ ವೆಲ್ಡಿಂಗಿಗೂ ಇರುವ ವ್ಯತ್ಯಾಸವನ್ನು ನನ್ನ ಬೀಡ್ (ಬೆಸುಗೆಯ ಗೆರೆ) ನೋಡಿದವರು ಒಪ್ಪಿದ್ದಾರೆ.

ವೆಲ್ಡಿಂಗಿನಲ್ಲೇ ಹೆಚ್ಚು ದುಡ್ಡು ಸುಟ್ಟದ್ದು. ಮನೆಯಲ್ಲಿದ್ದ ಆರ್ಕ್ ಸೆಟ್ಟಿನಲ್ಲಿ ಎಷ್ಟೇ ಕಡಿಮೆ ಆಂಪಿಯರ್ ಇಟ್ಟರೂ ಹಳೆಯ ತಗಡು ಕರಗಿ, ತೂತು ಮುಚ್ಚುವ ಬದಲು ದೊಡ್ಡದಾಗುತ್ತ ಹೋಯಿತು. ಗ್ಯಾಸ್ ವೆಲ್ಡಿಂಗ್ ತೂತನ್ನೇನೋ ಮುಚ್ಚಿತು, ಆದರೆ ಶಾಖಕ್ಕೆ ಪ್ಯಾನೆಲ್ ಅಲೆಯಲೆಯಾಗಿ ಸೊಟ್ಟಗಾಗಿ ಒಂದು ಇಡೀ ತಗಡು ಹಾಳಾಯಿತು. ಕೊನೆಗೆ ದಿನಕ್ಕೆ ಐದಾರು ನೂರರ ಬಾಡಿಗೆಗೆ ಸಿಓಟು ಸೆಟ್ (ಇಂಗಾಲದ ಡೈಆಕ್ಸೈಡ್ ಗ್ಯಾಸಿನ ಮರೆಯಲ್ಲಿ ತಂತಿ ಕರಗಿಸಿ ಬೆಸೆಯುವ ಯಂತ್ರ) ತಂದು, 0.8 ಮಿ.ಮೀ. ತಂತಿಯಲ್ಲಿ 20 ಗೇಜಿನ ಸಿಆರ್ (ಕೋಲ್ಡ್ ರೋಲ್ಡ್) ತಗಡನ್ನು ಕೂರಿಸಿದೆ. ಉದ್ದಕ್ಕೆ ಎಳೆಯದೆ, ಒಂದು ಚುಕ್ಕೆ ಇಲ್ಲಿ, ಮುಂದಿನದು ಒಂದು ಗೇಣು ಆಚೆ ಎಂದು ಹಾಕುತ್ತ ತಗಡನ್ನು ತಣಿಯಲು ಬಿಡಬೇಕು. ಸಂದು ಅಗಲವಾದ ಕಡೆ ಹಿಂದಿನಿಂದ ತಾಮ್ರದ ಪಟ್ಟಿ ಒತ್ತಿ ಹಿಡಿದರೆ ಅದು ಶಾಖ ಹೀರಿಕೊಳ್ಳುತ್ತದೆ, ತಾನು ಅಂಟಿಕೊಳ್ಳುವುದಿಲ್ಲ. ತೋಟದ ಪಂಪ್‌ಸೆಟ್ಟುಗಳು ಓಡುವಾಗ ವೋಲ್ಟೇಜ್ 180ರ ಹತ್ತಿರ ಇಳಿದು ಬೀಡ್ ಗಂಟುಗಂಟಾಗುತ್ತಿತ್ತು. ಹಾಗಾಗಿ ಬೆಳಗಿನ ಜಾವವೇ ನನ್ನ ವೆಲ್ಡಿಂಗ್ ಹೊತ್ತಾಯಿತು.

ನಡುನಡುವೆ ತುಕ್ಕು ಬಿಡಿಸುವ ಪ್ರಯೋಗಗಳೂ ನಡೆದವು. ಕಾಕಂಬಿಯನ್ನು ಸುಮಾರು ಒಂಬತ್ತು ಪಾಲು ನೀರಿನಲ್ಲಿ ಕದಡಿ, ಬಾಗಿಲ ಹಿಂಜುಗಳನ್ನೂ ಜಾಕನ್ನೂ ಅದರಲ್ಲಿ ಮುಳುಗಿಸಿ ವಾರಗಟ್ಟಲೆ ಬಿಟ್ಟರೆ ಕಬ್ಬಿಣ ಬೂದುಬಣ್ಣಕ್ಕೆ ಶುದ್ಧವಾಗಿ ಬರುತ್ತದೆ. ಖರ್ಚು ಏನೂ ಇಲ್ಲವೆನ್ನಬಹುದು, ವಾಸನೆಗೆ ಮಾತ್ರ ಮನೆಯವರ ಒಪ್ಪಿಗೆ ಬೇಕು. ಅವಸರವಿದ್ದಾಗ ವಾಷಿಂಗ್ ಸೋಡಾ ನೀರು ಮತ್ತು ಬ್ಯಾಟರಿ ಚಾರ್ಜರ್ ಸಾಕು: ಬಿಡಿಭಾಗಕ್ಕೆ ನೆಗೆಟಿವ್, ಬೇಡದ ಕಬ್ಬಿಣದ ತುಂಡಿಗೆ ಪಾಸಿಟಿವ್. ಅಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬಳಸಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಇಳಿಯುತ್ತದೆ. ಕರಾವಳಿಯಲ್ಲಿ ಮರದ ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆಯೆಣ್ಣೆಯನ್ನೂ ಹಳೆಯ ತಗಡಿನ ಮೇಲೆ ಪರೀಕ್ಷಿಸಿದೆ. ಆರಲು ದಿನಗಟ್ಟಲೆ ತೆಗೆದುಕೊಂಡಿತು, ತಾಗಿದಲ್ಲಿ ಚರ್ಮ ಗುಳ್ಳೆ ಎದ್ದಿತು, ಆದ್ದರಿಂದ ಅಲ್ಲಿಗೇ ಬಿಟ್ಟೆ.

ವೆಲ್ಡ್ ಮಾಡುವ ಅಂಚುಗಳಿಗೆ ಜಿಂಕ್ ಪ್ರೈಮರ್, ಆಮೇಲೆ ಎಪಾಕ್ಸಿ ಪ್ರೈಮರ್, ಸಂದುಗಳಿಗೆ ಸೀಲರ್, ಇವೆಲ್ಲ ಎಲ್ಲರೂ ಮಾಡುವುದೇ. ರನ್ನಿಂಗ್ ಬೋರ್ಡಿನ ಒಳಗೆ ಸಿಂಪಡಿಸಲು ಹಳೆಯ ಗೇರ್ ಆಯಿಲ್, ಮೇಣ ಮತ್ತು ಇನ್ನೊಂದು ವಸ್ತು ಸೇರಿಸಿ ಕಾಯಿಸಿದ ಮಿಶ್ರಣ ನನ್ನದೇ. ಆ ಮೂರನೆಯದರ ಹೆಸರನ್ನೂ ಅಳತೆಯನ್ನೂ ಸದ್ಯಕ್ಕೆ ಹೇಳುವುದಿಲ್ಲ. ಕಂಪನಿಯವರು ಬಿಟ್ಟಿರುವ ನೀರಿಳಿಯುವ ತೂತುಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ.

ಎಂಜಿನ್ ಬಗ್ಗೆ ಹೇಳಲು ಹೆಚ್ಚಿಲ್ಲ. 796 ಸಿಸಿಯ ಮೂರು ಸಿಲಿಂಡರಿನ ಅದು ಅಷ್ಟು ಸುಲಭವಾಗಿ ಸಾಯುವ ಜಾತಿಯಲ್ಲ. ಹೆಡ್ ಫೇಸಿಂಗ್ (ಸಿಲಿಂಡರ್ ಹೆಡ್ಡಿನ ಮುಖವನ್ನು ಸಮತಟ್ಟು ಮಾಡುವುದು), ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟ್, ಕ್ಲಚ್ ಸೇರಿ ಹದಿನಾರು ಸಾವಿರ ಆಯಿತು. ಟ್ಯಾಂಕಿನೊಳಗಿನ ತುಕ್ಕನ್ನು ಸಣ್ಣ ಜಲ್ಲಿ ಮತ್ತು ಸೋಡಾ ನೀರು ಹಾಕಿ ಕುಲುಕಿ ತೆಗೆದೆ.

ಮಾರ್ಪಾಡಿನ ವಿಷಯದಲ್ಲಿ ಆರ್‌ಸಿಯ ವಿವರಗಳಿಗೆ ತಾಗುವ ಯಾವುದಕ್ಕೂ ಕೈ ಹಾಕಲಿಲ್ಲ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆ ಸಲ್ಲದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ ಮೇಲೆ ಅಗಲ ಟೈರು, ಬೇರೆ ಎಂಜಿನ್ ಎಂಬ ಆಸೆಗಳು ದುಬಾರಿಯಾಗಿವೆ. ಹೇಗೂ ಫ್ಲೋರ್ ತೆರೆದಿತ್ತಾದ್ದರಿಂದ 3 ಮಿ.ಮೀ. ಪ್ಲೇಟಿನ ಹೊಸ ಆಧಾರಗಳನ್ನು ಬೆಸೆದು, ಗುಜರಿಯಲ್ಲಿ ಸಿಕ್ಕಿದ ಆಲ್ಟೊ ಸೀಟುಗಳನ್ನು ಕೂರಿಸಿದೆ. ಇನ್ನೊಂದು, ಹೆಡ್‌ಲೈಟಿಗೆ ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹರಿಸುವ ಸ್ವಿಚ್ಚು). ಮೊದಲು ಕರೆಂಟೆಲ್ಲ ಸ್ಟೀರಿಂಗ್ ಬಳಿಯ ಸ್ವಿಚ್ಚಿನ ಮೂಲಕ ಸುತ್ತಿ ಬಂದು ಬಲ್ಬಿನ ಹತ್ತಿರ ಹತ್ತೂವರೆ ವೋಲ್ಟಿನಷ್ಟು ಉಳಿಯುತ್ತಿತ್ತು. ಬ್ಯಾಟರಿಯಿಂದ ಫ್ಯೂಸ್ ಹಾಕಿ ನೇರ ವೈರ್ ಎಳೆದ ಮೇಲೆ ಹದಿಮೂರರ ಹತ್ತಿರ ಬಂತು. ಐನೂರು ರೂಪಾಯಿಯೊಳಗಿನ ಕೆಲಸಕ್ಕೆ ಅದೇ 60/55 ವಾಟ್ ಬಲ್ಬುಗಳು ಘಾಟಿಯ ಮಂಜಿನಲ್ಲಿ ದಾರಿ ತೋರಿಸುತ್ತಿವೆ.

ಒಟ್ಟು ಲೆಕ್ಕ ನೆನಪಿನಿಂದ ಹೇಳುವುದಾದರೆ ಗಾಡಿಗೆ 18,000, ತಗಡು, ಗ್ಯಾಸ್ ಮತ್ತು ಬಾಡಿಗೆಗೆ 14,000, ಪ್ರೈಮರ್, ಸೀಲರ್, ಡಿಸ್ಕುಗಳಿಗೆ ಎಂಟು, ಎಂಜಿನ್ನಿಗೆ ಹದಿನಾರು, 12 ಇಂಚಿನ ನಾಲ್ಕು ಟೈರಿಗೆ ಹತ್ತು, ಬ್ರೇಕ್ ಮತ್ತು ಬುಷ್‌ಗಳಿಗೆ ಒಂಬತ್ತು, ಬಣ್ಣಕ್ಕೆ ಹನ್ನೆರಡು ಸಾವಿರ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 600ರ ಬದಲು 5,000 ಆಗಿತ್ತು; ಅದೂ, ತಿಂಗಳ ಲೆಕ್ಕದ ವಿಳಂಬ ದಂಡ, ಹಸಿರು ತೆರಿಗೆ, ವಿಮೆ ಎಲ್ಲ ಸೇರಿ ಇನ್ನೊಂದು ಹನ್ನೆರಡು ಸಾವಿರ. ಎಲ್ಲ ಕೂಡಿದರೆ ಒಂದು ಲಕ್ಷಕ್ಕೆ ತುಸು ಕಡಿಮೆ. ಬಾಡಿ ಕೆಲಸವೊಂದಕ್ಕೇ ಎಪ್ಪತ್ತು ಸಾವಿರ ಕೇಳಿದ್ದ ಶೆಡ್ಡಿನವರು ಕಳೆದ ವರ್ಷ ಗಾಡಿಯನ್ನು ಜಾಕಿನ ಮೇಲೆ ಎತ್ತಿಸಿ, ಟಾರ್ಚ್ ಹಿಡಿದು ಅಡಿಯಿಂದ ನೋಡಿ, ರನ್ನಿಂಗ್ ಬೋರ್ಡಿಗೆ ಏನು ಹೊಡೆದಿದ್ದೀರಿ ಎಂದು ವಿಚಾರಿಸಿದರು. ಅವರಿಗೂ ಹೇಳಿಲ್ಲ. ಈಗ ಎಡಬಾಗಿಲ ಕೆಳಮೂಲೆಯಲ್ಲಿ ಬಣ್ಣ ಸಣ್ಣಗೆ ಉಬ್ಬಿದೆ. ಮುಂಗಾರಿನ ಮೊದಲು ಅದನ್ನೂ ಕತ್ತರಿಸಬೇಕು, ಉಳಿದಿರುವ ಅರ್ಧ ತಗಡು ಅದಕ್ಕೆ ಸಾಕಾಗುತ್ತದೆ.