ಪ್ಲನೇರಿಯಾ ಕತ್ತರಿಸಿ ಪುನರುತ್ಪಾದನೆ ನೋಡುವುದು ಹೇಗೆ?

ಹತ್ತನೇ ತರಗತಿಯ ಪುಸ್ತಕದಲ್ಲಿ ಚಿತ್ರವಾಗಷ್ಟೇ ಕಾಣುವ ಪ್ಲನೇರಿಯಾ ಎಂಬ ಚಪ್ಪಟೆ ಹುಳು, ನಿಧಾನವಾಗಿ ಹರಿಯುವ ತಣ್ಣನೆಯ ಹಳ್ಳಗಳಲ್ಲಿ ಕಲ್ಲಿನಡಿ ಇರುತ್ತದೆ. ಕಂದು ಮೈ, ಮೆಳ್ಳೆಗಣ್ಣಿನಂತೆ ಎರಡು ಕಪ್ಪು ಚುಕ್ಕೆ. ಕೋಳಿಯ ಲಿವರ್ ಚೂರನ್ನು ದಾರಕ್ಕೆ ಕಟ್ಟಿ ಕಲ್ಲಿನ ಸಂದಿಯಲ್ಲಿ ಇಳಿಬಿಡಿ; ಒಂದೆರಡು ಗಂಟೆ ಬಿಟ್ಟು ಎತ್ತಿ ನೋಡಿ. ಅಂಟಿಕೊಂಡ ಹುಳುಗಳನ್ನು ಬಿಡಿಸಲು ಚಿಮಟ ಬೇಡ, ಮೆತ್ತನೆಯ ಬ್ರಷ್ ಸಾಕು. ಹಳ್ಳದ ನೀರನ್ನೂ ಸೋಸಿ ತನ್ನಿ. ನಲ್ಲಿ ನೀರಿನ ಕ್ಲೋರಿನ್ ಇವಕ್ಕೆ ವಿಷ.

ಕತ್ತರಿಸುವ ಮೊದಲು ಒಂದು ವಾರ ಉಪವಾಸ ಕೆಡವಬೇಕು. ಹೊಟ್ಟೆ ತುಂಬಿದ ಹುಳುವನ್ನು ಕೊಯ್ದರೆ ಕರುಳಿನಲ್ಲಿದ್ದುದು ಹೊರಬಂದು ನೀರು ಕೆಡುತ್ತದೆ, ಗಾಯವೂ ಕೊಳೆಯುತ್ತದೆ.

ಐಸ್ ಪ್ಯಾಕ್ ಮೇಲೆ ಒದ್ದೆ ಫಿಲ್ಟರ್ ಪೇಪರ್ ಹಾಸಿ ಹುಳುವನ್ನಿಡಿ. ತಂಪಿಗೆ ಅದರ ಓಡಾಟ ತಗ್ಗುತ್ತದೆ. ಮೈ ಚಾಚಿದಾಗ ಹೊಸ ಬ್ಲೇಡಿನಿಂದ ತಲೆಯ ಹಿಂದೆ ಒಮ್ಮೆ, ನಡು ಮೈಯಲ್ಲಿ ಬೆಳ್ಳಗೆ ಕಾಣುವ ಗಂಟಲಿನ ಹಿಂದೆ ಇನ್ನೊಮ್ಮೆ ಒತ್ತಿ. ಎಳೆದೆಳೆದು ಕೊಯ್ಯಬಾರದು. ಮೂರು ತುಂಡಿಗೆ ಮೂರು ಪೆಟ್ರಿ ತಟ್ಟೆ, ಮಬ್ಬು ಬೆಳಕು, ಸುಮಾರು 20 ಡಿಗ್ರಿ ಸೆಲ್ಸಿಯಸ್. ಬಯಲುಸೀಮೆಯವರು ಇದನ್ನು ಚಳಿಗಾಲಕ್ಕೇ ಇಟ್ಟುಕೊಳ್ಳುವುದು ಒಳ್ಳೆಯದು. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಬೂದು ಬಣ್ಣಕ್ಕೆ ತಿರುಗಿ ಕರಗತೊಡಗಿದ ತುಂಡನ್ನು ಕೂಡಲೇ ತೆಗೆಯಿರಿ.

ಗಾಯ ಬೇಗನೆ ಮುಚ್ಚುತ್ತದೆ. ಮೂರನೇ ದಿನದ ಹೊತ್ತಿಗೆ ಅಂಚಿನಲ್ಲಿ ಬಣ್ಣವಿಲ್ಲದ ಮೊಗ್ಗು, ವಾರದೊಳಗೆ ಕಣ್ಣಿನ ಚುಕ್ಕೆ, ಸುಮಾರು ಎರಡು ವಾರಕ್ಕೆ ಪೂರ್ತಿ ಹುಳು. ಆದರೆ ಪುಟ್ಟದು. ಬಾಯಿಯೇ ಇಲ್ಲದ ತುಂಡು ತಿನ್ನುವುದಾದರೂ ಹೇಗೆ? ಇದ್ದ ಮೈಯನ್ನೇ ಕರಗಿಸಿ ಅಳತೆ ಸರಿಮಾಡಿಕೊಳ್ಳುತ್ತದೆ.

ಹೊಸ ಅಂಗ ಕಟ್ಟುವುದು ನಿಯೋಬ್ಲಾಸ್ಟ್ ಎಂಬ ಆಕರ ಕೋಶಗಳು. ಮೈಯ ಕೋಶಗಳಲ್ಲಿ ಐದನೇ ಒಂದು ಭಾಗಕ್ಕೂ ಕಡಿಮೆಯಿಲ್ಲದಷ್ಟು ಇವೇ. ಕಣ್ಣಿಗಿಂತ ಮುಂದಿರುವ ತಲೆಯ ತುದಿಯಲ್ಲಿ, ಗಂಟಲಿನಲ್ಲಿ ಮಾತ್ರ ಇವಿಲ್ಲ. ಆ ಚೂರುಗಳು ಎಷ್ಟು ಕಾದರೂ ಬೆಳೆಯವು.

ಚಪ್ಪಟೆ ಹುಳುಗಳೆಲ್ಲ ಹೀಗಿಲ್ಲ. ಯುರೋಪಿನ ಬಿಳಿ ಹುಳು ಡೆಂಡ್ರೋಸೀಲಮ್ ಲ್ಯಾಕ್ಟಿಯಮ್‌ನ ಹಿಂಭಾಗ ಕತ್ತರಿಸಿದರೆ ಅದಕ್ಕೆ ತಲೆ ಬರುವುದಿಲ್ಲ. ‘ಇಲ್ಲಿ ಬಾಲ’ ಎಂದು ಗಾಯಕ್ಕೆ ತಿಳಿಸುವುದು ಬೀಟಾ-ಕೆಟೆನಿನ್ ಪ್ರೋಟೀನು. ಅದು ತಯಾರಾಗದಂತೆ ಸಂಶೋಧಕರು ತಡೆದಾಗ ಆ ತುಂಡಿಗೂ ತಲೆ ಚಿಗುರಿತು; ಇದು 2013ರಲ್ಲಿ ಪ್ರಕಟವಾಯಿತು. ತಲೆ ಕಟ್ಟುವ ಸಾಮಗ್ರಿಯೆಲ್ಲ ಅದರಲ್ಲಿ ಇದ್ದೇ ಇತ್ತು. ತುಂಡಾಗಿಯೇ ಸಂತಾನ ಹೆಚ್ಚಿಸುವ ಪ್ಲನೇರಿಯಾಕ್ಕೆ ಪ್ರತಿ ಸಲವೂ ಹೊಸ ತಲೆ ಬೇಕು. ಮೊಟ್ಟೆಯಿಟ್ಟೇ ವಂಶ ಬೆಳೆಸುವ ಡೆಂಡ್ರೋಸೀಲಮ್‌ಗೆ ಅದರ ಅಗತ್ಯ ಅಷ್ಟಿಲ್ಲದ್ದರಿಂದ ಶಕ್ತಿ ಸವೆದಿರಬೇಕು ಎಂಬುದು ಒಂದು ವಿವರಣೆ.